ಹೈಸ್ಕೂಲನ್ನು ಮೂರೇ ವರ್ಷಕ್ಕೆ ಮುಗಿಸಬೇಕಾ? ಅಮೆರಿಕದ ಕನ್ನಡ ಮನೆಗಳಿಗೊಂದು ಹೋಲಿಕೆ

9ರಿಂದ 12ನೇ ತರಗತಿಯವರೆಗೆ ನಾಲ್ಕು ವರ್ಷ ನಡೆಯುವ ಅಮೆರಿಕದ ಹೈಸ್ಕೂಲುಗಳು ಜನವರಿ, ಫೆಬ್ರವರಿ ಹೊತ್ತಿಗೆ ಮುಂದಿನ ವರ್ಷಕ್ಕೆ ಯಾವ ವಿಷಯ ತಗೊಳ್ತೀರಿ ಎಂದು ಮಕ್ಕಳನ್ನು ಕೇಳುತ್ತವೆ. ಎಷ್ಟೋ ಮನೆಗಳಲ್ಲಿ ಆ ಫಾರಂ ತುಂಬುವಾಗಲೇ ಈ ಮಾತು ಏಳುತ್ತದೆ. "ಇನ್ನೊಂದು ವರ್ಷಕ್ಕೆ ನನ್ನ ಕ್ರೆಡಿಟ್ ಎಲ್ಲಾ ಮುಗಿಯುತ್ತೆ. 12ನೇ ಕ್ಲಾಸು ಯಾಕೆ ಓದಬೇಕು?" ಅಂತ ಹತ್ತನೇ ತರಗತಿಯ ಮಗಳೋ ಮಗನೋ ಕೇಳುತ್ತಾರೆ. ಕ್ರೆಡಿಟ್ ಅಂದರೆ ಪಾಸಾದ ಪ್ರತಿ ಕೋರ್ಸಿಗೆ ಶಾಲೆ ಕೊಡುವ ಎಣಿಕೆ. ನಮಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ನಮ್ಮಲ್ಲಿ ಬಹಳ ಜನ 17ಕ್ಕೆ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೇರಿದವರು. 18 ತುಂಬುವವರೆಗೂ ಮಗು ಹೈಸ್ಕೂಲಲ್ಲೇ ಇದ್ದರೆ ಒಂದು ವರ್ಷ ದಂಡ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳನ್ನು ಹೈಸ್ಕೂಲು ದಾಟಿಸಿದ ತಾಯಿ ನಾನು. ಪರಿಚಯದ ಮನೆಗಳವರ ಜೊತೆ ಕೂತು ಅವರ ಮಕ್ಕಳ ಅಂಕಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್ ನೋಡಿ, ಈ ಲೆಕ್ಕ ಹಾಕಿಕೊಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಹೈಸ್ಕೂಲಿನ ನಾಲ್ಕನೇ ವರ್ಷಕ್ಕೆ ನಾವು ಫೀಸು ಕಟ್ಟುವುದಿಲ್ಲ. ಕಾಲೇಜಿನ ನಾಲ್ಕನೇ ವರ್ಷಕ್ಕೆ ಕಟ್ಟುತ್ತೇವೆ, ಅದೂ ಕೈ ಸುಡುವಷ್ಟು. ಹಾಗಾಗಿ ವರ್ಷ ಉಳಿಸಲೇಬೇಕು ಅಂತಿದ್ದರೆ ಕಾಲೇಜಿನಲ್ಲಿ ಉಳಿಸಿ. ಹೈಸ್ಕೂಲಿನ ಕೊನೆಯ ವರ್ಷವನ್ನು ಅದಕ್ಕೆ ತಯಾರಿಯಾಗಿ ಬಳಸಿಕೊಳ್ಳಿ. ಹೀಗಿದ್ದರೂ ಕೆಲವು ಮಕ್ಕಳು ಬೇಗ ಹೊರಡುವುದೇ ಸರಿ. ಅವರು ಯಾರು, ಯಾವ ದಾರಿ ಯಾರಿಗೆ ಹೊಂದುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ ಕೂಡುತ್ತದಾ ನೋಡಿ

"ಕ್ರೆಡಿಟ್ ಮುಗಿಯುತ್ತೆ" ಎನ್ನುವ ಮಾತನ್ನು ಮೊದಲು ಕಾಗದದ ಮೇಲೆ ಇಳಿಸಬೇಕು. ರಾಜ್ಯ ಕೇಳುವುದು ಒಂದು, ಶಾಲಾ ಜಿಲ್ಲೆ ಕೇಳುವುದು ಇನ್ನೊಂದು, ಕಾಲೇಜು ಕೇಳುವುದು ಮತ್ತೊಂದು. ಕ್ಯಾಲಿಫೋರ್ನಿಯಾ ರಾಜ್ಯದ ಕನಿಷ್ಠ ಬೇಡಿಕೆ ಒಂದೊಂದು ವರ್ಷದ 13 ಕೋರ್ಸು ಅಷ್ಟೇ. ಜಿಲ್ಲೆಗಳು ಅದರ ಮೇಲೆ ತಮ್ಮದನ್ನು ಸೇರಿಸುತ್ತವೆ. ರಾಜ್ಯ 3 ವರ್ಷದ ಇಂಗ್ಲಿಷ್ ಸಾಕು ಅಂದರೆ ಜಿಲ್ಲೆ ಸಾಮಾನ್ಯವಾಗಿ 4 ವರ್ಷ ಬೇಕು ಅನ್ನುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ 24 ಕ್ರೆಡಿಟ್. ಟೆಕ್ಸಸ್‌ನಲ್ಲಿ ಮೂಲ ಯೋಜನೆಗೆ 22, ಒಂದು ಕ್ಷೇತ್ರದಲ್ಲಿ ಜಾಸ್ತಿ ಓದಿದ್ದಕ್ಕೆ ಸಿಗುವ ಎಂಡಾರ್ಸ್‌ಮೆಂಟ್ ಸೇರಿದರೆ 26.

ಗಣಿತ, ವಿಜ್ಞಾನದಲ್ಲಿ ನಮ್ಮ ಮಕ್ಕಳಿಗೆ ತೊಡಕು ಕಡಿಮೆ. ಸಿಕ್ಕಿಹಾಕಿಕೊಳ್ಳುವುದು ಇಂಗ್ಲಿಷ್, ಪಿಇ (ದೈಹಿಕ ಶಿಕ್ಷಣ), ಮತ್ತು 12ನೇ ತರಗತಿಯಲ್ಲಿ ಬರುವ ಗವರ್ನ್‌ಮೆಂಟ್, ಎಕನಾಮಿಕ್ಸ್ ಕೋರ್ಸುಗಳಲ್ಲಿ. ಮೂರು ವರ್ಷಕ್ಕೆ ಮುಗಿಸುವವರು 11 ಮತ್ತು 12ನೇ ತರಗತಿಯ ಇಂಗ್ಲಿಷನ್ನು ಒಂದೇ ವರ್ಷ ಒಟ್ಟಿಗೆ ಓದಬೇಕು, ಇಲ್ಲವೇ ಒಂದನ್ನು ಬೇಸಿಗೆಯಲ್ಲಿ ಮುಗಿಸಬೇಕು. ಒಂದೇ ವರ್ಷದಲ್ಲಿ ಎರಡು ಇಂಗ್ಲಿಷ್ ಅಂದರೆ ವಾರ ವಾರ ಎರಡು ಕಡೆ ಪ್ರಬಂಧ. ಅದರ ಜೊತೆಗೇ ಕಾಲೇಜು ಅರ್ಜಿಯ ಪ್ರಬಂಧಗಳೂ ಬರುತ್ತವೆ.

ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳ ಮೇಲೆ ಕಣ್ಣಿದ್ದರೆ ಇನ್ನೊಂದು ಲೆಕ್ಕವಿದೆ. ಪ್ರವೇಶಕ್ಕೆ ಬೇಕಾದ, ಎ-ಜಿ ಅನ್ನುವ 15 ಕೋರ್ಸುಗಳಲ್ಲಿ 11 ಕೋರ್ಸು ಹೈಸ್ಕೂಲಿನ ಕೊನೆಯ ವರ್ಷ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಮೂರು ವರ್ಷಕ್ಕೆ ಮುಗಿಸುವ ಮಗುವಿಗೆ 11ನೇ ತರಗತಿಯೇ ಕೊನೆಯ ವರ್ಷ. ಅಂದರೆ ಎರಡೇ ವರ್ಷ, ಎರಡು ಬೇಸಿಗೆಯಲ್ಲಿ 11 ಕೋರ್ಸು. ಕೂಡಿಸಿ ನೋಡಿ: ಇಂಗ್ಲಿಷ್ 2, ಗಣಿತ 2, ವಿಜ್ಞಾನ 2, ಭಾಷೆ 2, ಚರಿತ್ರೆ 1, ಕಲೆ 1. ಹತ್ತಾಯಿತು. ಇನ್ನೊಂದು ಬೇಕು. ಏಳು, ಎಂಟನೇ ತರಗತಿಯಲ್ಲಿ ಹೈಸ್ಕೂಲು ಮಟ್ಟದ ಗಣಿತ ಅಥವಾ ಭಾಷೆ ಓದಿದ್ದರೆ ಯುಸಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಷ್ಟೋ ಮಕ್ಕಳಿಗೆ ಆ ಹನ್ನೊಂದನೆಯದು ಸಿಗುವುದು ಅಲ್ಲಿಂದಲೇ. ಕೆಲವು ಜಿಲ್ಲೆಗಳಲ್ಲಿ ವಾರಾಂತ್ಯದ ಕನ್ನಡ ಶಾಲೆಯ ಕಲಿಕೆಗೂ ಭಾಷಾ ಕ್ರೆಡಿಟ್ ಕೊಡುತ್ತಾರೆ. ನಿಮ್ಮ ಜಿಲ್ಲೆ ಕೊಡುತ್ತದಾ ಎಂದು ಒಂಬತ್ತನೇ ತರಗತಿಯಲ್ಲೇ ವಿಚಾರಿಸಿ. ಸ್ಪ್ಯಾನಿಷ್‌ಗೆ ಹೋಗುತ್ತಿದ್ದ ಎರಡು ವರ್ಷದ ಜಾಗ ಬೇರೆ ವಿಷಯಕ್ಕೆ ಸಿಗುತ್ತದೆ, ಮಗುವಿನ ಕನ್ನಡವೂ ಗಟ್ಟಿಯಾಗುತ್ತದೆ.

ಟೆಕ್ಸಸ್‌ನವರಿಗೆ ಇನ್ನೊಂದು ಬಾಗಿಲಿದೆ. ಒಂದು ವಿಷಯವನ್ನು ತರಗತಿಯಲ್ಲಿ ಓದದೇ ನೇರ ಪರೀಕ್ಷೆ ಬರೆದು, 80ಕ್ಕಿಂತ ಕಡಿಮೆಯಾಗದಂತೆ ಅಂಕ ತೆಗೆದರೆ ಕ್ರೆಡಿಟ್ ಸಿಗುತ್ತದೆ. ಸಿಬಿಇ ಅಂತ ಕರೆಯುತ್ತಾರೆ. ಡಲ್ಲಾಸ್, ಆಸ್ಟಿನ್ ಕಡೆ ಬೇಸಿಗೆ ರಜೆಯಲ್ಲಿ ಇದಕ್ಕೆ ಓದುವ ದೇಸಿ ಮಕ್ಕಳು ಬೇಕಾದಷ್ಟಿದ್ದಾರೆ. ಹೀಗೆ ಕ್ರೆಡಿಟ್ ಕೂಡಿಹಾಕುವುದು ಸುಲಭ. ಆದರೆ ಪ್ರೀಕ್ಯಾಲ್ಕುಲಸ್ಸನ್ನು ಪರೀಕ್ಷೆಯಲ್ಲಿ ದಾಟಿ ಬಂದ ಮಗು ಕ್ಯಾಲ್ಕುಲಸ್ಸಿನಲ್ಲಿ ಟ್ರಿಗನಾಮೆಟ್ರಿ ಬಂದಾಗ ತಡವರಿಸುವುದನ್ನು ನೋಡಿದ್ದೇನೆ. ಗಣಿತದಲ್ಲಿ ಈ ಬಾಗಿಲು ಬೇಡ ಅಂತಲೇ ಹೇಳುತ್ತೇನೆ. ಹೆಲ್ತ್‌ನಂಥ ವಿಷಯಕ್ಕೆ ಬಳಸಿಕೊಳ್ಳಿ, ತೊಂದರೆಯಿಲ್ಲ.

ಪೂರ್ತಿ ಒಂದು ವರ್ಷ ಮೊದಲೇ ಹೊರಡುವುದು

ಈ ದಾರಿಯ ದೊಡ್ಡ ತೊಡಕು ಕ್ರೆಡಿಟ್ ಅಲ್ಲ, ಕ್ಯಾಲೆಂಡರು. 11ನೇ ತರಗತಿಯ ಕೊನೆಗೆ ಹೊರಡುವ ಮಗು ಆ ತರಗತಿ ಶುರುವಾದ ಎರಡು, ಮೂರು ತಿಂಗಳಲ್ಲೇ ಕಾಲೇಜಿಗೆ ಅರ್ಜಿ ಹಾಕಬೇಕು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ತೆರೆಯುವುದು ಆಗಸ್ಟ್ 1ಕ್ಕೆ. ಬಹಳ ಕಾಲೇಜುಗಳ ಅರ್ಲಿ (ಮೊದಲ ಸುತ್ತಿನ) ಗಡುವು ನವೆಂಬರ್ 1. ಯುಸಿ ಅರ್ಜಿಯ ಗಡುವು ನವೆಂಬರ್ ಕೊನೆಗೆ. ಆಗ ಮಗುವಿನ ಕೈಯಲ್ಲಿರುವುದು 9 ಮತ್ತು 10ನೇ ತರಗತಿಯ ಅಂಕ ಮಾತ್ರ. ಜೂನಿಯರ್ ಇಯರ್‌ನಲ್ಲಿ (11ನೇ ತರಗತಿ) ಬಹಳ ಮಕ್ಕಳು ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳು ಇನ್ನೂ ಬಂದಿರುವುದಿಲ್ಲ. ಪಕ್ಕದಲ್ಲಿ ಅರ್ಜಿ ಹಾಕುತ್ತಿರುವ 12ನೇ ತರಗತಿಯ ಸೀನಿಯರ್ ಬಳಿ ಐದಾರು ಎಪಿ ಅಂಕ, ಕ್ಲಬ್ಬಿನ ನಾಯಕತ್ವ, ಎರಡು ಬೇಸಿಗೆಯ ಕೆಲಸ ಎಲ್ಲಾ ಇರುತ್ತದೆ. ಅರ್ಜಿ ಓದುವವರು "ಇದು ಒಂದು ವರ್ಷ ಚಿಕ್ಕ ಮಗು" ಎಂದು ರಿಯಾಯಿತಿ ಕೊಡುತ್ತಾರೆ ಎಂದುಕೊಳ್ಳಬೇಡಿ. ಇಬ್ಬರದೂ ಒಂದೇ ರಾಶಿ.

ಶಿಫಾರಸು ಪತ್ರದ ವಿಷಯ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ 11ನೇ ತರಗತಿಯಲ್ಲಿ ವರ್ಷವಿಡೀ ಪಾಠ ಮಾಡಿದ ಶಿಕ್ಷಕರು ಈ ಪತ್ರ ಬರೆಯುತ್ತಾರೆ. ಬೇಗ ಹೊರಡುವ ಮಗು ಹತ್ತನೇ ತರಗತಿಯ ಶಿಕ್ಷಕರನ್ನು ಕೇಳಬೇಕು, ಇಲ್ಲವೇ ಮಗುವನ್ನು ಎರಡು ತಿಂಗಳು ಕಂಡವರನ್ನು. 15 ವರ್ಷದ ಹುಡುಗ ಕ್ಲಾಸಿನಲ್ಲಿ ಹೇಗಿದ್ದ ಅಂತ ಬರೆದ ಪತ್ರಕ್ಕೂ 17ರ ಹುಡುಗನ ಬಗ್ಗೆ ಬರೆದದ್ದಕ್ಕೂ ಬಹಳ ವ್ಯತ್ಯಾಸ. ಆ ವಯಸ್ಸಲ್ಲಿ ಮಕ್ಕಳು ವರ್ಷದಲ್ಲಿ ಎಷ್ಟು ಬದಲಾಗುತ್ತಾರೆ ಅಂತ ಮನೆಯಲ್ಲಿ ನೋಡಿದವರಿಗೆ ಗೊತ್ತು.

ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿನ ಆಸೆ ಇದ್ದವರೂ ಮೊದಲೇ ಎಚ್ಚರವಾಗಬೇಕು. ಅದಕ್ಕೆ ಪರಿಗಣಿಸುವುದು ಸಾಮಾನ್ಯವಾಗಿ 11ನೇ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ. ಮೂರು ವರ್ಷಕ್ಕೆ ಮುಗಿಸುವವರು ಹತ್ತನೇ ತರಗತಿಯ ಪಿಎಸ್‌ಎಟಿಯನ್ನೇ ಲೆಕ್ಕಕ್ಕೆ ಹಿಡಿಸಬಹುದು. ಆದರೆ ಬೇಗ ಮುಗಿಸುವ ನಿರ್ಧಾರ ಆ ಹೊತ್ತಿಗೆ ಆಗಿರಬೇಕು, ಪರೀಕ್ಷೆ ಬರೆಯುವಾಗ ಅದನ್ನು ನಮೂದಿಸಿರಬೇಕು. ಟೆಕ್ಸಸ್‌ನಲ್ಲಿ ರ‍್ಯಾಂಕಿನ ಪ್ರಶ್ನೆ ಇದೆ. ಯುಟಿ ಆಸ್ಟಿನ್ ವಿಶ್ವವಿದ್ಯಾಲಯ ನೇರ ಪ್ರವೇಶ ಕೊಡುವುದು ತಮ್ಮ ಬ್ಯಾಚಿನ ಮೇಲಿನ ಶೇಕಡಾ 5ರೊಳಗಿನ ಮಕ್ಕಳಿಗೆ. 2026ರ ಫಾಲ್‌ಗೆ ಮುಂಚೆ ಅದು 6 ಇತ್ತು. ಬೇಗ ಮುಗಿಸುವ ಮಗುವಿನ ರ‍್ಯಾಂಕನ್ನು ಯಾವ ಬ್ಯಾಚಿನ ಜೊತೆ ಲೆಕ್ಕ ಹಾಕುತ್ತಾರೆ ಅಂತ ಶಾಲೆಯ ಕೌನ್ಸೆಲರನ್ನು ಕೇಳಿ. ತಮ್ಮ ಬ್ಯಾಚಿನಲ್ಲಿ ಮೂರನೆಯವರಾಗಿದ್ದವರು ಮೇಲಿನ ಬ್ಯಾಚಿನಲ್ಲಿ ಮೂವತ್ತನೆಯವರಾಗಬಹುದು.

ಹಾಗಾದರೆ ಈ ದಾರಿ ಯಾರಿಗೆ? ಹೋಗಬೇಕಾದ ಕಾಲೇಜು ಈಗಾಗಲೇ ಸ್ಪಷ್ಟವಾಗಿದ್ದು, ಅಲ್ಲಿ ಪ್ರವೇಶ ಸಿಗುವುದರಲ್ಲಿ ಅನುಮಾನವಿಲ್ಲದ ಮಗುವಿಗೆ. ನಿಮ್ಮ ರಾಜ್ಯದ ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯ, ನರ್ಸಿಂಗ್, ಶಿಕ್ಷಕ ತರಬೇತಿ, ಅಕೌಂಟಿಂಗ್ ಇಂಥದ್ದು. ಇಂಡಿಯಾನಾ ರಾಜ್ಯ ಒಂದು ವರ್ಷ ಮೊದಲೇ ಮುಗಿಸಿದ ಮಕ್ಕಳಿಗೆ 4,000 ಡಾಲರ್ ಸ್ಕಾಲರ್‌ಶಿಪ್ಪನ್ನೂ ಇಟ್ಟಿದೆ. ಶಾಲೆಯಲ್ಲಿ ಯಾರದೋ ಕಾಟದಿಂದ, ಒಂಟಿತನದಿಂದ ಬೆಳಗಾದರೆ ಹೊಟ್ಟೆನೋವು ಅನ್ನುವ ಮಗುವಿಗೂ ಇದು ನಿಜವಾದ ಬಿಡುಗಡೆ. ಅಂಥ ಮಗುವನ್ನು "ಇನ್ನೊಂದು ವರ್ಷ ತಾನೇ, ಸಹಿಸ್ಕೋ" ಅನ್ನಬೇಡಿ. ಸ್ಟ್ಯಾನ್‌ಫರ್ಡ್, ಎಂಐಟಿ ಅಂತ ಕನಸಿಟ್ಟುಕೊಂಡ ಮಗುವಿಗೆ ಮಾತ್ರ ನಾಲ್ಕನೇ ವರ್ಷ ಬಿಟ್ಟುಕೊಡಬೇಡ ಅಂತ ಹೇಳುತ್ತೇನೆ.

ಡಿಸೆಂಬರ್‌ಗೆ ಮುಗಿಸುವುದು

ಇದು ಅರ್ಧ ವರ್ಷದ ಮಾತು. 12ನೇ ತರಗತಿಯ ಮೊದಲ ಸೆಮಿಸ್ಟರ್ ಮುಗಿಸಿ ಹೊರಬರುವುದು. ಅರ್ಜಿ ಎಲ್ಲರ ಜೊತೆಗೇ, ಸರಿಯಾದ ಸಮಯಕ್ಕೆ ಹೋಗುತ್ತದೆ. ಅದೇ ಇದರ ದೊಡ್ಡ ಲಾಭ. ಊರಿಗೆ ಹೋಗಿ ಅಜ್ಜಿ ತಾತನ ಜೊತೆ ನಾಲ್ಕು ತಿಂಗಳು ಇರುವುದಕ್ಕೆ, ಸಂಗೀತ ಪಾಠಕ್ಕೆ, ಕೆಲಸಕ್ಕೆ ಸೇರುವುದಕ್ಕೆ ಸಮಯ ಸಿಗುತ್ತದೆ. ಎಚ್-4 ವೀಸಾದ (ಎಚ್-1ಬಿ ಕೆಲಸಗಾರರ ಅವಲಂಬಿತರಾಗಿ ಬಂದ) ಮಕ್ಕಳು ಕೆಲಸ ಮಾಡುವ ಹಾಗಿಲ್ಲ ಎಂಬುದನ್ನು ಮರೆಯಬೇಡಿ.

ಜೋಪಾನ ಮಾಡಬೇಕಾದದ್ದು ಇಷ್ಟು. ಅರ್ಜಿಯಲ್ಲಿ ವಸಂತದ ಸೆಮಿಸ್ಟರಿಗೆ ಎಂದು ಬರೆದ ಕೋರ್ಸುಗಳನ್ನು ಬಿಟ್ಟರೆ ಕಾಲೇಜಿಗೆ ತಿಳಿಸಲೇಬೇಕು. ತಿಳಿಸದೇ ಬಿಟ್ಟಿದ್ದಕ್ಕೆ, ಕೊಟ್ಟ ಸೀಟನ್ನು ಕಾಲೇಜು ವಾಪಸ್ ಪಡೆದ ಉದಾಹರಣೆಗಳಿವೆ. ಮೇ ತಿಂಗಳಲ್ಲಿ ಎಪಿ ಪರೀಕ್ಷೆ ಬರೆಯುವುದಿದ್ದರೆ ನವೆಂಬರ್ ಮಧ್ಯದೊಳಗೆ ಶಾಲೆಯಲ್ಲಿ ಹೆಸರು ಕೊಟ್ಟಿರಬೇಕು. ಜೂನ್‌ನಲ್ಲಿ ಗೌನು ತೊಟ್ಟು ಗೆಳೆಯರ ಜೊತೆ ವೇದಿಕೆ ಹತ್ತಲು ಬಿಡುತ್ತಾರಾ, ಪ್ರಾಮ್ ನೃತ್ಯಕೂಟಕ್ಕೆ ಬರಬಹುದಾ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ನಮಗೆ ಸಣ್ಣ ವಿಷಯ ಅನ್ನಿಸಬಹುದು, ಮಕ್ಕಳಿಗೆ ಅಲ್ಲ.

ಶಾಲೆಯಲ್ಲಿ ಹೆಸರಿಟ್ಟು ಕಾಲೇಜಿನಲ್ಲಿ ಓದುವುದು

ಬಹಳ ಮಕ್ಕಳಿಗೆ ನಾನು ತೋರಿಸುವ ದಾರಿ ಇದು. ಡ್ಯುಯಲ್ ಎನ್‌ರೋಲ್‌ಮೆಂಟ್. ಮಗು ಹೈಸ್ಕೂಲಿನ ವಿದ್ಯಾರ್ಥಿಯಾಗಿಯೇ ಇರುತ್ತದೆ, ಪಾಠ ಊರಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ. ಅಂಕ ಎರಡೂ ಕಡೆ ಸೇರುತ್ತದೆ.

ಮಿನೆಸೋಟ ರಾಜ್ಯ 1985ರಲ್ಲೇ ಪಿಎಸ್‌ಇಒ ಅಂತ ಇದನ್ನು ಶುರುಮಾಡಿತು. ಅಲ್ಲಿ ಫೀಸು ಮಾತ್ರವಲ್ಲ, ಪಠ್ಯಪುಸ್ತಕದ ಖರ್ಚೂ ರಾಜ್ಯದ್ದೇ. ವಾಷಿಂಗ್ಟನ್‌ನ ರನ್ನಿಂಗ್ ಸ್ಟಾರ್ಟ್ ಯೋಜನೆಗೆ 1990ರಲ್ಲಿ ಕಾನೂನು ಬಂತು. 11 ಮತ್ತು 12ನೇ ತರಗತಿಯ ಮಕ್ಕಳು ಟ್ಯೂಷನ್ ಕಟ್ಟದೇ ಕಾಲೇಜಿಗೆ ಹೋಗಬಹುದು. ಪುಸ್ತಕ, ಓಡಾಟ, ಕೆಲವು ಸಣ್ಣ ಶುಲ್ಕಗಳು ನಮ್ಮವು. ಬೆಲ್‌ವ್ಯೂ, ರೆಡ್ಮಂಡ್ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಇದರ ಹೆಸರು ಕೇಳದವರು ಕಡಿಮೆ. ಅಲ್ಲಿ ಕಾಲೇಜಿನ 5 ಕ್ರೆಡಿಟ್‌ನ ಒಂದು ಕ್ವಾರ್ಟರ್ (ಸುಮಾರು ಮೂರು ತಿಂಗಳ) ಕೋರ್ಸು ಹೈಸ್ಕೂಲಿನ ಪೂರ್ತಿ ಒಂದು ಕ್ರೆಡಿಟ್‌ಗೆ ಸಮ. ಶಾಲೆಯಲ್ಲಿ ವರ್ಷವಿಡೀ ಎಳೆಯುವ ವಿಷಯ ಅಲ್ಲಿ ಒಂದೇ ಕ್ವಾರ್ಟರಿನಲ್ಲಿ ಮುಗಿಯುತ್ತದೆ. ಎರಡು ವರ್ಷ ಪೂರ್ತಿ ಹೋದ ಮಗು ಹೈಸ್ಕೂಲ್ ಡಿಪ್ಲೊಮಾ ಜೊತೆಗೆ ಅಸೋಸಿಯೇಟ್ ಡಿಗ್ರಿಯನ್ನೂ ತರಬಹುದು.

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ ದರ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಹೈಸ್ಕೂಲು ಮಕ್ಕಳಿಗೆ ಅದನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ಯುಸಿಯಲ್ಲಿ ರಾಜ್ಯದ ವಿದ್ಯಾರ್ಥಿಗೆ ವರ್ಷದ ಟ್ಯೂಷನ್ 14 ಸಾವಿರ ಡಾಲರ್ ದಾಟಿದೆ. ಹಾಸ್ಟೆಲು, ಊಟ ಬೇರೆ. ಹೈಸ್ಕೂಲಿನ ನಾಲ್ಕನೇ ವರ್ಷದಲ್ಲಿ ಹೀಗೆ ಮುಗಿಸಿದ ಕೋರ್ಸುಗಳು, ಜೊತೆಗೆ ಯುಸಿ ಕ್ರೆಡಿಟ್ ಕೊಡುವ 3 ಅಥವಾ ಅದಕ್ಕೂ ಜಾಸ್ತಿ ಅಂಕದ ಎಪಿಗಳು ಸೇರಿದರೆ ಕಾಲೇಜನ್ನು ಮೂರು ಅಥವಾ ಮೂರೂವರೆ ವರ್ಷಕ್ಕೆ ಮುಗಿಸಬಹುದು. ಉಳಿಸಬೇಕಾದ ವರ್ಷ ಅದು. ಮಗು ಕೆಲಸಕ್ಕೆ ಸೇರುವ ವಯಸ್ಸು ಎರಡೂ ಲೆಕ್ಕದಲ್ಲಿ ಒಂದೇ. ಮನೆಯಿಂದ ಹೋಗುವ ದುಡ್ಡು ಮಾತ್ರ ಬಹಳ ಬೇರೆ.

ಈ ದಾರಿಯಲ್ಲೂ ಎರಡು ಕಡೆ ನೋಡಿಕೊಂಡು ಹೆಜ್ಜೆ ಇಡಬೇಕು. ಖಾಸಗಿ ಕಾಲೇಜುಗಳಲ್ಲಿ ಹಲವು, ಹೈಸ್ಕೂಲ್ ಡಿಪ್ಲೊಮಾಗೆ ಬಳಸಿದ ಕೋರ್ಸನ್ನು ತಮ್ಮ ಡಿಗ್ರಿಗೆ ಹಿಡಿಯುವುದಿಲ್ಲ. ಎರಡನೆಯದು ಡಾಕ್ಟರಾಗುವ ಮಕ್ಕಳ ಮನೆಯವರು ಚೆನ್ನಾಗಿ ತಿಳಿದಿರಬೇಕಾದದ್ದು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬಿದ್ದ ಅಂಕ ಅಳಿಸಿಹೋಗುವುದಿಲ್ಲ. ಮೆಡಿಕಲ್ ಕಾಲೇಜಿಗೆ ಎಎಂಸಿಎಎಸ್ ಎಂಬ ಅರ್ಜಿ ಸೇವೆಯ ಮೂಲಕ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸುಗಳನ್ನೂ ತೋರಿಸಬೇಕು. 16ನೇ ವಯಸ್ಸಿಗೆ ಆತುರದಲ್ಲಿ ಕೆಮಿಸ್ಟ್ರಿ ತಗೊಂಡು ಸಿ ಬಂದರೆ, ಆ ಸಿ 21ರಲ್ಲೂ ಜಿಪಿಎ ಲೆಕ್ಕದಲ್ಲಿ ಇರುತ್ತದೆ. ಅದಕ್ಕೇ ಮೊದಲ ಕೋರ್ಸಾಗಿ ಮಗುವಿಗೆ ಚೆನ್ನಾಗಿ ಬರುವ, ಇಷ್ಟದ ವಿಷಯವನ್ನೇ ಆರಿಸಿ. ಒಂದೇ ಒಂದು ಕೋರ್ಸು ಸಾಕು. ಕಾಲೇಜಿನಲ್ಲಿ ಯಾರೂ ಹೋಂವರ್ಕ್ ನೆನಪಿಸುವುದಿಲ್ಲ ಎಂಬುದು ಮಗುವಿಗೆ ಗೊತ್ತಾಗುವುದು ಆ ಒಂದು ಕೋರ್ಸಿನಿಂದಲೇ.

ಗಣಿತದಲ್ಲಿ ಬಹಳ ಮುಂದಿರುವ ಮಗು ಶಾಲೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೊರಡಲು ನೋಡುತ್ತಿದ್ದರೆ ಅದಕ್ಕೂ ಇದೇ ಔಷಧಿ. ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಎಲ್ಲಾ ಕಮ್ಯುನಿಟಿ ಕಾಲೇಜಿನಲ್ಲಿವೆ. ಬೆಳಗ್ಗೆ ಅಲ್ಲಿ ಪಾಠ, ಮಧ್ಯಾಹ್ನ ಶಾಲೆಯ ರೊಬಾಟಿಕ್ಸ್, ಸಂಜೆ ಗೆಳೆಯರು. ಇಂಥ ಸೀನಿಯರ್ ಇಯರ್ ಕಂಡ ಮಕ್ಕಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಎಷ್ಟೋ ಹೆಣ್ಣುಮಕ್ಕಳ ರಂಗಪ್ರವೇಶ ಆಗುವುದೂ 12ನೇ ತರಗತಿಯ ಆಸುಪಾಸಿನಲ್ಲೇ ಅಲ್ವಾ? ಹತ್ತು ವರ್ಷದಿಂದ ಕಲಿತ ನೃತ್ಯಕ್ಕೆ ಮೈ, ಮನಸ್ಸು ಎರಡೂ ಪೂರ್ತಿ ಕೊಡಲು ಆ ವರ್ಷವೇ ಬೇಕು.

ಡಿಪ್ಲೊಮಾಗೆ ಕಾಯದೇ ನೇರ ಕಾಲೇಜಿಗೆ

ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನೇ ಸೇರಿಸಿಕೊಳ್ಳುವ ಕಾಲೇಜುಗಳೂ ಇವೆ. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ತನ್ನ ರಾಬಿನ್ಸನ್ ಸೆಂಟರ್ ಮೂಲಕ 2001ರಿಂದ ಅಕಾಡೆಮಿ ನಡೆಸುತ್ತಿದೆ. ಹತ್ತನೇ ತರಗತಿಯಾದ ಮೇಲೆ ಆಯ್ಕೆಯಾದ ಮಕ್ಕಳು ಅಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳು. ಟೆಕ್ಸಸ್‌ನ ಡೆಂಟನ್‌ನಲ್ಲಿ, ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್ ಒಳಗೇ ಇರುವ ಟ್ಯಾಮ್ಸ್ ಎಂಬ ಗಣಿತ, ವಿಜ್ಞಾನದ ಅಕಾಡೆಮಿಯ ಮೊದಲ ತಂಡ 1988ರಲ್ಲಿ ಬಂತು. ಮಕ್ಕಳು ಹಾಸ್ಟೆಲಿನಲ್ಲಿದ್ದು ಹೈಸ್ಕೂಲಿನ ಕೊನೆಯ ಎರಡು ವರ್ಷ, ಕಾಲೇಜಿನ ಮೊದಲ ಎರಡು ವರ್ಷ ಎರಡನ್ನೂ ಒಟ್ಟಿಗೆ ಮುಗಿಸುತ್ತಾರೆ. ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ 1966ರಲ್ಲಿ ಬಾಗಿಲು ತೆರೆದ ಸೈಮನ್ಸ್ ರಾಕ್ ಈ ಬಗೆಯ ಕಾಲೇಜುಗಳಲ್ಲಿ ಹಿರಿಯದು. 2025ರಲ್ಲಿ ಅದು ತನ್ನ ಹಳೆಯ ಜಾಗ ಬಿಟ್ಟು ನ್ಯೂಯಾರ್ಕ್ ರಾಜ್ಯದಲ್ಲಿರುವ ಬಾರ್ಡ್ ಕಾಲೇಜಿನ ಕ್ಯಾಂಪಸ್ಸಿಗೆ ಹೋಗಿದೆ.

ಒಬ್ಬಂಟಿಯಾಗಿ ಬೇಗ ಹೋಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಜೊತೆಯವರು. ಇಲ್ಲಿ ಸುತ್ತಲೂ ಅದೇ ವಯಸ್ಸಿನ ಮಕ್ಕಳು ಇರುತ್ತಾರೆ, ಅವರಿಗೆಂದೇ ಸಲಹೆಗಾರರಿರುತ್ತಾರೆ. 16ಕ್ಕೇ ಕಾಲೇಜು ಬೇಕು ಅನ್ನುವ ಮಗುವಿಗೆ ಇದು ಸಾಮಾನ್ಯ ಕಾಲೇಜಿಗಿಂತ ಎಷ್ಟೋ ಮೇಲು. ಆಯ್ಕೆ ಬಹಳ ಬಿಗಿ. ಅರ್ಜಿ ಹತ್ತನೇ ತರಗತಿಯಲ್ಲೇ ಹೋಗಬೇಕು. ಹೈಸ್ಕೂಲ್ ಡಿಪ್ಲೊಮಾ ಸಿಗುತ್ತದಾ ಎಂಬ ಪ್ರಶ್ನೆಯನ್ನು ಸೇರುವ ಮುಂಚೆಯೇ ಕೇಳಿ ಉತ್ತರ ಪಡೆಯಿರಿ.

ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಬರೆದು ಹೊರಬರುವ ದಾರಿಯೂ ಇದೆ. ಹಳಬರು ಚೆಸ್ಪಿ ಅಂತ ಕರೆಯುತ್ತಿದ್ದ ಪರೀಕ್ಷೆಯ ಜಾಗಕ್ಕೆ 2023ರಲ್ಲಿ ಕ್ಯಾಲಿಫೋರ್ನಿಯಾ ಪ್ರೊಫಿಶಿಯೆನ್ಸಿ ಪ್ರೋಗ್ರಾಂ ಬಂತು. 16 ತುಂಬಿದವರು ಬರೆಯಬಹುದು. ಪಾಸಾದರೆ ಸಿಗುವ ಸರ್ಟಿಫಿಕೇಟು ಆ ರಾಜ್ಯದ ಕಾನೂನಿನಲ್ಲಿ ಡಿಪ್ಲೊಮಾಗೆ ಸಮ. 18 ಆಗದವರು ಶಾಲೆ ಬಿಡಲು ತಂದೆ ತಾಯಿಯ ಒಪ್ಪಿಗೆ ಬೇಕು. ಶಾಲೆಯೇ ಮಗುವಿನ ಆರೋಗ್ಯ ಕೆಡಿಸುತ್ತಿದ್ದರೆ ಇದು ಬೇಗ ತೆರೆಯುವ ಬಾಗಿಲು. ಬೇರೆ ಯಾವ ಕಾರಣಕ್ಕೂ ನಾನು ಇದನ್ನು ಹೇಳುವುದಿಲ್ಲ.

ಫ್ರೆಶ್‌ಮನ್ನಾ, ಟ್ರಾನ್ಸ್‌ಫರ್ರಾ?

ಬೇಗ ಮುಗಿಸಿದ ಮಕ್ಕಳು ಎಡವುವ ಜಾಗ ಇದು. ಹೈಸ್ಕೂಲಿನಲ್ಲಿ ಇರುವಾಗ ಎಷ್ಟೇ ಕಾಲೇಜು ಕೋರ್ಸು ಓದಿದರೂ ಯುಸಿ ಅವರನ್ನು ಫ್ರೆಶ್‌ಮನ್ (ಮೊದಲ ವರ್ಷಕ್ಕೆ ಹೊಸದಾಗಿ ಸೇರುವವರು) ಆಗಿಯೇ ನೋಡುತ್ತದೆ. ಹೈಸ್ಕೂಲು ಮುಗಿದ ಆ ಬೇಸಿಗೆಯ ಕೋರ್ಸಿಗೂ ತೊಂದರೆಯಿಲ್ಲ. ಡಿಪ್ಲೊಮಾ ಕೈಗೆ ಬಂದ ಮೇಲೆ ಫಾಲ್ ಅಥವಾ ಸ್ಪ್ರಿಂಗ್ ಅವಧಿಗೆ ಕಮ್ಯುನಿಟಿ ಕಾಲೇಜಿಗೆ ಸೇರಿದರೆ ಮಾತ್ರ ಆಮೇಲೆ ಅರ್ಜಿ ಹಾಕುವುದು ಟ್ರಾನ್ಸ್‌ಫರ್ (ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಬರುವ) ವಿದ್ಯಾರ್ಥಿಯಾಗಿ. "11ಕ್ಕೇ ಮುಗಿಸ್ತೀನಿ, ಒಂದು ವರ್ಷ ಕಮ್ಯುನಿಟಿ ಕಾಲೇಜಲ್ಲಿ ಸುಮ್ನೆ ಎರಡು ಕೋರ್ಸ್ ಮಾಡ್ತಾ ಅರ್ಜಿ ಹಾಕ್ತೀನಿ" ಅನ್ನುವ ಯೋಜನೆ ಇಲ್ಲಿ, ಫ್ರೆಶ್‌ಮನ್ ಅರ್ಜಿಯ ಅವಕಾಶ ತಪ್ಪಿ, ಮುರಿದುಬೀಳುತ್ತದೆ. ಡಿಸೆಂಬರ್‌ಗೆ ಮುಗಿಸಿ ಸ್ಪ್ರಿಂಗ್‌ನಲ್ಲಿ ಕೋರ್ಸು ತಗೊಳ್ಳುವವರೂ ಮೊದಲು ಪ್ರವೇಶ ಕಚೇರಿಗೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ಪಡೆಯಬೇಕು.

ಇದನ್ನು ತಿಳಿದೇ ಟ್ರಾನ್ಸ್‌ಫರ್ ದಾರಿ ಹಿಡಿಯುವುದು ಬೇರೆ ಮಾತು. ಅದು ಒಳ್ಳೆಯ ದಾರಿಯೇ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನಲ್ಲಿ ಷರತ್ತು ಪೂರೈಸಿದವರಿಗೆ ಸೀಟಿನ ಭರವಸೆ ಕೊಡುತ್ತವೆ. ಟ್ಯಾಗ್ ಅಂತ ಅದರ ಹೆಸರು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ಭರವಸೆ ಕೊಡುವ ಕ್ಯಾಂಪಸ್‌ಗಳಲ್ಲೂ ಇಂಜಿನಿಯರಿಂಗ್‌ನಂಥ ವಿಷಯಗಳಿಗೆ ಕೆಲವು ಕಡೆ ಅದು ಸಿಗುವುದಿಲ್ಲ. 11ಕ್ಕೇ ಶಾಲೆ ಬಿಟ್ಟು, ಎರಡು ವರ್ಷ ಮನೆಯಿಂದ ಕಮ್ಯುನಿಟಿ ಕಾಲೇಜು, ಆಮೇಲೆ ಎರಡು ವರ್ಷ ಯುಸಿ. ಶಾಲೆ ಬೇಡವಾದ, ಆದರೆ ಓದು ಬೇಕಾದ ಮಗುವಿಗೆ ಇದಕ್ಕಿಂತ ಕಡಿಮೆ ಖರ್ಚಿನ, ನೆಮ್ಮದಿಯ ದಾರಿ ನನಗೆ ಕಂಡಿಲ್ಲ.

ವೀಸಾ, ವಯಸ್ಸು, ಊರು

ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಲ್ಲಿ ಈ ನಿರ್ಧಾರಕ್ಕೆ ಇನ್ನೊಂದು ಒತ್ತಡ ಸೇರುತ್ತದೆ. ಎಚ್-4ರಲ್ಲಿರುವ ಮಗುವಿಗೆ 21 ತುಂಬಿದ ದಿನ ಆ ಸ್ಥಾನ ಮುಗಿಯುತ್ತದೆ. 18ಕ್ಕೆ ಕಾಲೇಜು ಸೇರಿದವರಿಗೆ 21 ತುಂಬುವುದು ಡಿಗ್ರಿಯ ನಡುವೆ. ಆಗ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. 17ಕ್ಕೇ ಸೇರಿದರೆ ಡಿಗ್ರಿ ಮುಗಿಯುವ ಹೊತ್ತಿಗೆ 21. ಈ ಲೆಕ್ಕ ನೋಡಿಯೇ ಬೇಗ ಮುಗಿಸು ಎಂದು ಮಕ್ಕಳಿಗೆ ಹೇಳುವ ತಂದೆತಾಯಿ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಡಿಗ್ರಿಯಾದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಕೆಲಸ ಮಾಡಬೇಕಾದರೆ ಹೇಗಿದ್ದರೂ ಎಫ್-1 ಬೇಕು. ಅದನ್ನು ಕಾಲೇಜಿನ ನಡುವೆ ಮಾಡಿಕೊಂಡರೂ ಆಗುತ್ತದೆ. ವೀಸಾ ಒಂದೇ ಕಾರಣಕ್ಕೆ ಮಗುವಿನ ಒಂದು ವರ್ಷ ಕತ್ತರಿಸುವ ಮುಂಚೆ ವಲಸೆ ವಕೀಲರ ಹತ್ತಿರ ಕೂತು ಮಾತಾಡಿ. ಎಚ್-4 ಮಕ್ಕಳಿಗೆ ಫೆಡರಲ್ ಸ್ಟೂಡೆಂಟ್ ಏಡ್ ಸಿಗುವುದಿಲ್ಲ. ಹಾಗಾಗಿ ಕಡಿಮೆ ಖರ್ಚಿನಲ್ಲಿ ಕ್ರೆಡಿಟ್ ಕೂಡಿಸುವ ಡ್ಯುಯಲ್ ಎನ್‌ರೋಲ್‌ಮೆಂಟ್ ಅವರಿಗೆ ಎಲ್ಲರಿಗಿಂತ ಜಾಸ್ತಿ ಮುಖ್ಯ. ಅವರಿಗೆ ಅಲ್ಲಿ ಯಾವ ದರ ಅನ್ವಯಿಸುತ್ತದೆ ಎಂದು ಮಾತ್ರ ಕಾಲೇಜಿನ ರೆಸಿಡೆನ್ಸಿ ಕಚೇರಿಯಲ್ಲಿ ಮೊದಲೇ ಕೇಳಿ.

ಊರಿಗೆ ಕಳಿಸಿ ಎಂಬಿಬಿಎಸ್ ಓದಿಸುವ ಯೋಚನೆ ಇರುವವರು ಬೇಗ ಮುಗಿಸಿ ಏನೂ ಗಳಿಸದೇ ಇರಬಹುದು. ನೀಟ್ ಬರೆಯಲು, ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. 12ನೇ ತರಗತಿ ಬಿಟ್ಟು ಬಂದ ಡಿಪ್ಲೊಮಾವನ್ನು ಅಲ್ಲಿನ ಪಿಯುಸಿಗೆ ಸಮ ಎಂದು ಒಪ್ಪುತ್ತಾರಾ ಎಂಬುದನ್ನು ಶಾಲೆ ಬಿಡುವ ಮೊದಲು ದೆಹಲಿಯ ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ) ಕಚೇರಿಗೆ ಬರೆದು ಖಚಿತ ಮಾಡಿಕೊಳ್ಳಿ.

ಇನ್ನು ವಯಸ್ಸಿನ ವಿಷಯ. ಫರ್ಪಾ ಎಂಬ 1974ರ ಕಾನೂನಿನ ಪ್ರಕಾರ ಮಗು ಕಾಲೇಜು ಸೇರಿದ ಕೂಡಲೇ, 16 ಆಗಿದ್ದರೂ ಸರಿ, ಅಂಕಪಟ್ಟಿಯ ಹಕ್ಕು ಅದರದ್ದೇ. ನಾವು ಫೋನ್ ಮಾಡಿ "ಮಗಳು ಕ್ಲಾಸಿಗೆ ಬರ್ತಿದ್ದಾಳಾ?" ಎಂದು ಕೇಳಿದರೆ ಉತ್ತರ ಸಿಗಲಿಕ್ಕಿಲ್ಲ. ಅದೇ ಮಗು ಜ್ವರ ಬಂದು ಆಸ್ಪತ್ರೆಗೆ ಹೋದರೆ ಬಹಳ ಕಡೆ ನಮ್ಮ ಸಹಿ ಕೇಳುತ್ತಾರೆ. ಮನೆ ಬಾಡಿಗೆ ಕರಾರಿಗೂ ಹಾಗೆಯೇ. 17ರ ಮಗುವನ್ನು ಮನೆಯಿಂದ ಎರಡು ಸಾವಿರ ಮೈಲಿ ದೂರ ಕಳಿಸುವುದಕ್ಕೂ, ನಲವತ್ತು ನಿಮಿಷ ದೂರದ ಕಾಲೇಜಿಗೆ ಕಳಿಸುವುದಕ್ಕೂ ಇರುವ ವ್ಯತ್ಯಾಸ ಇಂಥ ದಿನಗಳಲ್ಲೇ ಗೊತ್ತಾಗುವುದು.

ಮಗುವನ್ನು, ಕೌನ್ಸೆಲರನ್ನು ಏನು ಕೇಳಬೇಕು

ಮಗುವನ್ನು "ಯಾಕೆ?" ಎಂದು ಒಮ್ಮೆ ಕೇಳಿ ಬಿಡಬೇಡಿ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. "ಶಾಲೆ ಸಾಕಾಗಿದೆ" ಎಂಬ ಉತ್ತರ ಬಂದರೆ ಶಾಲೆಯಲ್ಲಿ ಏನಾಗುತ್ತಿದೆ ಅಂತ ನೋಡಬೇಕು. ಬೇಗ ಬಿಟ್ಟರೂ ಆ ದಣಿವು ಕಾಲೇಜಿಗೆ ಜೊತೆಗೇ ಹೋಗಬಹುದು. "ನನಗೆ ಇದೇ ಓದಬೇಕು, ಇದೇ ಕಾಲೇಜು, ಅಲ್ಲಿ ಈ ಪ್ರೊಫೆಸರ್ ಲ್ಯಾಬ್ ಇದೆ" ಅನ್ನುವ ಮಗು ಬೇರೆ. ಅದು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ನಿಂತಿದೆ. ಗೆಳೆಯರೆಲ್ಲ ಮೇಲಿನ ಬ್ಯಾಚಿನವರು, ಅವರ ಜೊತೆ ಹೋಗಬೇಕು ಎಂಬುದೇ ನಿಜವಾದ ಕಾರಣವಾಗಿರುವುದೂ ಉಂಟು. ಅದನ್ನು ಹೀಗಳೆಯಬೇಡಿ. ಆದರೆ ಆ ಗೆಳೆಯರು ಹತ್ತು ಬೇರೆ ಬೇರೆ ಊರಿಗೆ ಹೋಗುತ್ತಾರೆ ಎಂಬುದನ್ನು ಕೂತು ಮಾತಾಡಿ.

ಕೌನ್ಸೆಲರ್ ಹತ್ತಿರ ಹೋಗುವಾಗ ಟ್ರಾನ್ಸ್‌ಕ್ರಿಪ್ಟ್ ಪ್ರತಿಯ ಜೊತೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಬೇಗ ಮುಗಿಸುವ ಅರ್ಜಿಯ ಕೊನೇ ದಿನ ಯಾವುದು? ಒಪ್ಪಿಗೆ ಕೊಡುವವರು ಪ್ರಿನ್ಸಿಪಾಲರಾ, ಜಿಲ್ಲೆಯಾ? ಬೇಸಿಗೆಯಲ್ಲಿ ಹೊರಗೆ ಓದಿದ ಇಂಗ್ಲಿಷನ್ನು ಒಪ್ಪುತ್ತೀರಾ, ಅದಕ್ಕೆ ಮುಂಚಿತವಾಗಿ ಸಹಿ ಬೇಕಾ? ರ‍್ಯಾಂಕ್ ಯಾವ ಬ್ಯಾಚಿನ ಜೊತೆ? ಎಲ್ಲಕ್ಕಿಂತ ಮುಖ್ಯವಾಗಿ, ಫಾಲ್‌ನಲ್ಲಿ ಅರ್ಜಿ ಹಾಕಿ, ಮಾರ್ಚ್‌ನಲ್ಲಿ ಬಂದ ಫಲಿತಾಂಶ ಮನಸ್ಸಿಗೆ ಬಾರದಿದ್ದರೆ 12ನೇ ತರಗತಿಗೆ ವಾಪಸ್ ಬರಬಹುದಾ? ಇದಕ್ಕೆ ಹೌದು ಅನ್ನುವ ಶಾಲೆಗಳಿವೆ. ನಿಮ್ಮ ಶಾಲೆಯೂ ಹೌದು ಅಂದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೆಬ್ರವರಿಯ ಫಾರಂನಲ್ಲಿ 12ನೇ ತರಗತಿಯ ವಿಷಯಗಳನ್ನೂ ತುಂಬಿಸಿಡಿ. ಸೀಟು ಗಟ್ಟಿಯಾದ ಮೇಲೆ ಅವುಗಳನ್ನು ತೆಗೆಸುವುದು ಒಂದು ದಿನದ ಕೆಲಸ. ಮೇ ತಿಂಗಳಲ್ಲಿ ವಾಪಸ್ ಬಂದು ಎಪಿ ಫಿಸಿಕ್ಸ್‌ನಲ್ಲಿ ಜಾಗ ಕೇಳಿದರೆ ಆ ಹೊತ್ತಿಗೆ ಕ್ಲಾಸು ತುಂಬಿರುತ್ತದೆ.